ರಿಂಗ್ ಆಫ್ ರೆಡ್ ಓಡುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ನಿಜ ಚರಿತ್ರೆಯಲ್ಲಿ 1964 ಜಪಾನಿನಲ್ಲಿ ಶಿಂಕಾನ್ಸೆನ್ ರೈಲು ಹಳಿಗಿಳಿದ, ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದ ವರ್ಷ. ಕೊನಾಮಿ ಕಂಪನಿ 2000ದಲ್ಲಿ ಪ್ಲೇಸ್ಟೇಷನ್ 2 (ಪಿಎಸ್2) ಕನ್ಸೋಲಿಗೆಂದು ತಂದ ‘ರಿಂಗ್ ಆಫ್ ರೆಡ್’ ಆಟದಲ್ಲಿ ಬರುವ 1964 ಬೇರೆಯೇ. ಅಲ್ಲಿ ಜಪಾನ್ 1945ರ ಆಗಸ್ಟ್‌ನಲ್ಲಿ ಶರಣಾಗಲಿಲ್ಲ, ಮಿತ್ರಪಡೆಗಳು ನೆಲಕ್ಕಿಳಿದವು, ಕೊನೆಗೆ ದೇಶ ಕೊರಿಯಾದ ಹಾಗೆ ಉತ್ತರ, ದಕ್ಷಿಣ ಎಂದು ಎರಡಾಯಿತು. ಗಡಿಯ ಎರಡೂ ಬದಿಗೆ ಕಾಲೂರಿ ನಡೆಯುವ ಉಕ್ಕಿನ ಯುದ್ಧಯಂತ್ರಗಳು ನಿಂತಿವೆ. ಇದು ತೀರಾ ಬುಡವಿಲ್ಲದ ಕಲ್ಪನೆಯಲ್ಲ. ಹೊಕ್ಕೈಡೊದ ಉತ್ತರಾರ್ಧ ತನಗೆ ಬೇಕೆಂದು ಸ್ಟಾಲಿನ್ 1945ರ ಆಗಸ್ಟ್‌ನಲ್ಲಿ ಕೇಳಿದ್ದು, ಟ್ರೂಮನ್ ಅದಕ್ಕೆ ಒಪ್ಪದೆ ಹೋದದ್ದು ಎರಡೂ ನಿಜ.

ಸರದಿ ಪ್ರಕಾರ ಆಡುವ ತಂತ್ರದ ಆಟಗಳಲ್ಲಿ ಇದು ನನಗೆ ತುಂಬ ಪ್ರಿಯವಾದದ್ದು. ಆದರೆ ಆಟಕ್ಕೂ ಅದನ್ನು ಓಡಿಸುವ ಕನ್ಸೋಲಿಗೂ ಈಗ ಇಪ್ಪತ್ತೈದು ವರ್ಷ ದಾಟಿದೆ. ಡಿಸ್ಕ್ ಓದದಿದ್ದರೆ ‘ಲೆನ್ಸ್ ಹೋಗಿದೆ, ಹೊಸದು ಹಾಕಿಸಿ’ ಅನ್ನುವ ಮಾತು ಎಲ್ಲ ಕಡೆ ಸುಲಭವಾಗಿ ಸಿಗುತ್ತದೆ. ಲೆನ್ಸ್ ವಿಚಾರ ಕೊನೆಗೆ ಬರಬೇಕು. ಅದಕ್ಕೂ ಮೊದಲು ಕಾಸು ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆಗಳು ಎಷ್ಟೋ ಇವೆ.

ಶುರು ಮಾಡುವ ಮುನ್ನ ಮೂರು ವಸ್ತು ಜೊತೆಗಿರಲಿ: ಚೆನ್ನಾಗಿ ಓಡುತ್ತದೆ ಎಂದು ಗೊತ್ತಿರುವ ಇನ್ನೊಂದು ಪಿಎಸ್2 ಡಿಸ್ಕ್, ಇನ್ನೊಂದು ಮೆಮೊರಿ ಕಾರ್ಡ್, ಟಿವಿಗೆ ಚಿತ್ರ, ಧ್ವನಿ ಒಯ್ಯುವ ಇನ್ನೊಂದು ಎವಿ ಕೇಬಲ್. ಸ್ನೇಹಿತರ ಹತ್ತಿರ ಎರಡು ದಿನಕ್ಕೆ ಕೇಳಿ ತಂದರೂ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಆಟ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ.

ಗುಂಡಿ ಒತ್ತಿದರೂ ಯಂತ್ರ ಗುಂಡು ಹಾರಿಸುತ್ತಿಲ್ಲ, ಎಲ್ಲವೂ ನಿಧಾನ

ಇದು ದೋಷವೇ ಅಲ್ಲ. ಈ ಆಟವನ್ನು ಮೊದಲ ಸಲ ಆಡುವವರು ಕಂಟ್ರೋಲರ್ ಕೆಟ್ಟಿದೆ ಎಂದುಕೊಳ್ಳುವುದು ಇಲ್ಲೇ, ಹಾಗಾಗಿ ಇದನ್ನೇ ಮೊದಲಿಗೆ ಇಟ್ಟಿದ್ದೇನೆ.

ನಕ್ಷೆಯ ಮೇಲೆ ಪಡೆಗಳನ್ನು ನಡೆಸುವುದು ಸರದಿಯ ಪ್ರಕಾರ. ಎರಡು ಯಂತ್ರಗಳು ಎದುರಾದಾಗ ನಡೆಯುವ ಕಾಳಗ ಮಾತ್ರ ಗಡಿಯಾರದ ಜೊತೆ ಓಡುತ್ತದೆ. ಗುಂಡು ಹಾರಿಸಬೇಕಾದರೆ ಒಳಗಿನ ಸಿಬ್ಬಂದಿ ತೋಪಿಗೆ ಮದ್ದು ತುಂಬಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ತುಂಬಿದ ಮೇಲೆ ಗುರಿ ಹಿಡಿದು ಕಾದಷ್ಟೂ ಏಟು ತಗಲುವ ಶೇಕಡಾವಾರು ಏರುತ್ತ ಹೋಗುತ್ತದೆ. ಆ ಅಂಕಿ ಕಡಿಮೆ ಇರುವಾಗಲೇ ಹಾರಿಸಿದರೆ ಗುಂಡು ಪಕ್ಕಕ್ಕೆ ಹೋಗುತ್ತದೆ. ಕಾಯುತ್ತ ಕೂತರೆ ಎದುರಾಳಿ ಮೊದಲು ಹಾರಿಸುತ್ತಾನೆ. ಆಟದ ಜೀವವೇ ಆ ಕಾಯುವಿಕೆಯಲ್ಲಿದೆ. ನಿಗದಿಯಾದ ಸಮಯ ಮುಗಿದರೆ ಇಬ್ಬರೂ ಉಳಿದಿದ್ದರೂ ಕಾಳಗ ನಿಂತು ನಕ್ಷೆ ವಾಪಸ್ ಬರುತ್ತದೆ. ಅದನ್ನು ಕಂಡು ‘ಆಟ ಮಧ್ಯದಲ್ಲೇ ಕಟ್ಟಾಗುತ್ತಿದೆ’ ಎಂದು ಗಾಬರಿಯಾಗಬೇಡಿ.

ಒಂದೊಂದು ಬಗೆಯ ಯಂತ್ರಕ್ಕೆ ಒಂದೊಂದು ದೂರ ಹೊಂದುತ್ತದೆ. ಕೈಗೆ ಕೈ ತಾಗುವಷ್ಟು ಹತ್ತಿರದಲ್ಲಿ ಕಾದಾಡಲು ಮಾಡಿದ ಯಂತ್ರವನ್ನು ದೂರದಲ್ಲಿ ನಿಲ್ಲಿಸಿ ಗುಂಡು ತಗಲುತ್ತಿಲ್ಲವೆಂದು ಗುಂಡಿ ಒತ್ತುತ್ತ ಕೂತರೆ ಪ್ರಯೋಜನವಿಲ್ಲ.

ನಿಜಕ್ಕೂ ಕಂಟ್ರೋಲರ್‌ ಕೆಟ್ಟಿದೆಯೇ ಎಂದು ತಿಳಿಯಲು ಡಿಸ್ಕ್ ಹಾಕದೆ ಕನ್ಸೋಲ್ ಆನ್ ಮಾಡಿ, ಮೆನುವಿನಲ್ಲಿ ದಿಕ್ಕಿನ ಗುಂಡಿಗಳನ್ನೂ ಎಕ್ಸ್, ತ್ರಿಕೋನ ಗುಂಡಿಗಳನ್ನೂ ಒತ್ತಿ ನೋಡಿ. ಅಲ್ಲಿ ಸರಿಯಾಗಿದ್ದು ಆಟದಲ್ಲಿ ಮಾತ್ರ ತಡವಾದರೆ ಅದು ಆಟದ ಗುಣ. ಮೆನುವಿನಲ್ಲೂ ಕೈಕೊಟ್ಟರೆ ಇನ್ನೊಂದು ಪೋರ್ಟ್‌ಗೆ ಚುಚ್ಚಿ, ಆಮೇಲೆ ಇನ್ನೊಂದು ಕಂಟ್ರೋಲರ್ ಹಾಕಿ ನೋಡಿ.

ಸ್ವಿಚ್ ಹಾಕಿದರೂ ದೀಪವೇ ಹತ್ತುವುದಿಲ್ಲ

ಮೊದಲು ಕರೆಂಟು ನೋಡಿ. ಮೊದಲು ಬಂದ ದಪ್ಪ ಮಾದರಿಯ ಪಿಎಸ್2ಗೆ ಹಿಂಬದಿಯಲ್ಲಿ ಒಂದು ಮುಖ್ಯ ಸ್ವಿಚ್ ಇದೆ. ಅದು ಆನ್ ಆಗಿದ್ದರೆ ಮುಂದಿನ ಚಿಕ್ಕ ದೀಪ ಕೆಂಪಾಗಿರುತ್ತದೆ, ಮುಂದಿನ ಗುಂಡಿ ಒತ್ತಿದರೆ ಹಸಿರಾಗುತ್ತದೆ. ಹಿಂದಿನ ಸ್ವಿಚ್ ಮರೆತು ರಿಪೇರಿ ಅಂಗಡಿಗೆ ಹೊತ್ತೊಯ್ಯುವವರು ಕಡಿಮೆಯಿಲ್ಲ. ಸ್ವಿಚ್ ಸರಿಯಿದ್ದರೆ ಗೋಡೆಯ ಪ್ಲಗ್ ಪಾಯಿಂಟಿಗೆ ಬೇರೆ ಏನಾದರೂ ಚುಚ್ಚಿ, ಆಮೇಲೆ ವೈರ್ ಬದಲಿಸಿ.

ಅಮೆರಿಕದಿಂದಲೋ ಜಪಾನಿನಿಂದಲೋ ಬಂದ ಕನ್ಸೋಲ್ ಆದರೆ ಇಲ್ಲಿ ನಿಧಾನಿಸಿ. ಸ್ಯಾನ್ ಹೋಸೆಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನೆಂಟರು ಹಳೆಯ ಸಾಮಾನಿನ ಜೊತೆ ಕೊಟ್ಟುಕಳಿಸಿದ ಪಿಎಸ್2ಗಳು ನಮ್ಮಲ್ಲಿ ಸಾಕಷ್ಟಿವೆ. ಅಮೆರಿಕದ ದಪ್ಪ ಮಾದರಿ 120 ವೋಲ್ಟಿನದು, ಜಪಾನಿನದು 100 ವೋಲ್ಟಿನದು. ನಮ್ಮ ಮನೆಯ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಒಳಗಿನ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ಪಿನ್ನಿನ ಆಕಾರ ಮಾತ್ರ ಬದಲಿಸುವ ಅಗ್ಗದ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ, ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ರೇ ಬೇಕು. ಆಮೇಲೆ ಬಂದ ತೆಳು ಮಾದರಿಗೆ ಹೊರಗಡೆ ಅಡಾಪ್ಟರ್ ಇದ್ದರೆ ಅದರ ಮೇಲಿನ ಚೀಟಿಯಲ್ಲಿ ಇನ್‌ಪುಟ್ ಎಷ್ಟು ಬರೆದಿದೆ ಎಂದು ಓದಿ. 100–240 ಎಂದಿದ್ದರೆ ಮಾತ್ರ ನೇರವಾಗಿ ಚುಚ್ಚಬಹುದು.

ಸುಟ್ಟ ವಾಸನೆ ಬಂದಿದ್ದರೆ, ‘ಟಪ್’ ಎಂದು ಸದ್ದಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ದಪ್ಪ ಮಾದರಿಯ ಪವರ್ ಸಪ್ಲೈ ಕನ್ಸೋಲಿನ ಒಳಗೇ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಇದು ಕೆಲಸ ಬಲ್ಲ ಮೆಕ್ಯಾನಿಕ್‌ಗೆ ಬಿಡಬೇಕಾದ ಜಾಗ.

ಕೆಂಪು ಪರದೆ ಬರುತ್ತದೆ, ಡಿಸ್ಕ್ ಗುರುತಿಸುತ್ತಿಲ್ಲ

ಎಲ್ಲಕ್ಕಿಂತ ಹೆಚ್ಚು ಜನ ನೋಡುವ ಲಕ್ಷಣ ಇದು. ಪ್ಲೇಸ್ಟೇಷನ್ ಅಥವಾ ಪ್ಲೇಸ್ಟೇಷನ್ 2 ಮಾದರಿಯ ಡಿಸ್ಕ್ ಹಾಕಿ ಎಂದು ಕೆಂಪು ಹಿನ್ನೆಲೆಯಲ್ಲಿ ಒಂದು ಸಾಲು ಬರುತ್ತದೆ. ಆ ಒಂದೇ ಸಾಲಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣ ಇರಬಹುದು, ನಾಲ್ಕಕ್ಕೂ ಮದ್ದು ಬೇರೆ.

ಮೊದಲು ಪ್ರದೇಶ ನೋಡಿ. ಪಿಎಸ್2 ಡಿಸ್ಕ್‌ಗಳಿಗೆ ಪ್ರದೇಶದ ಬೀಗ ಇದೆ. ಡಿಸ್ಕ್ ಮೇಲಿನ ಸಂಖ್ಯೆ ‘ಎಸ್‌ಎಲ್‌ಯುಎಸ್’ ಎಂದು ಶುರುವಾದರೆ ಅದು ಅಮೆರಿಕದ್ದು, ‘ಎಸ್‌ಎಲ್‌ಇಎಸ್’ ಆದರೆ ಯುರೋಪಿನದು, ‘ಎಸ್‌ಎಲ್‌ಪಿಎಂ’ ಅಥವಾ ‘ಎಸ್‌ಎಲ್‌ಪಿಎಸ್’ ಆದರೆ ಜಪಾನಿನದು. ಈಗ ಕನ್ಸೋಲಿನ ಚೀಟಿಯಲ್ಲಿ ಮಾದರಿ ಸಂಖ್ಯೆಯ ಕೊನೆಯ ಅಂಕಿ ನೋಡಿ. 1 ಇದ್ದರೆ ಅಮೆರಿಕ, 0 ಇದ್ದರೆ ಜಪಾನ್, 4 ಇದ್ದರೆ ಯುರೋಪ್. ಎರಡೂ ಹೊಂದದಿದ್ದರೆ ಡಿಸ್ಕ್ ಕನ್ನಡಿಯಂತೆ ಹೊಳೆಯುತ್ತಿದ್ದರೂ ಬರುವುದು ಅದೇ ಕೆಂಪು ಪರದೆ. ಆನ್‌ಲೈನಿನಲ್ಲಿ ಹಳೆಯ ಡಿಸ್ಕ್ ತರಿಸುವವರು ದುಡ್ಡು ಕಟ್ಟುವ ಮೊದಲೇ ಈ ಸಂಖ್ಯೆ ಕೇಳಿ ತಿಳಿದುಕೊಳ್ಳಿ.

ಪ್ರದೇಶ ಸರಿಯಿದ್ದರೆ ಸ್ನೇಹಿತರಿಂದ ತಂದ ಆ ಇನ್ನೊಂದು ಡಿಸ್ಕ್ ಹಾಕಿ. ಅದು ಓಡಿತೆಂದರೆ ಕನ್ಸೋಲ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು, ಕೈಯಲ್ಲಿರುವ ಡಿಸ್ಕನ್ನೇ ಪರೀಕ್ಷಿಸಿ.

ಡಿಸ್ಕಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಓರೆಯಾಗಿ ತಿರುಗಿಸಿ. ಬೆರಳಚ್ಚು, ಜಿಡ್ಡು, ಬೂಷ್ಟಿನ ಕಲೆ ಕಂಡರೆ ನೀರಲ್ಲಿ ಸ್ವಲ್ಪ ಒದ್ದೆ ಮಾಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೆಟ್ಟಗೆ ಒರೆಸಿ. ಸುತ್ತ ತಿರುಗಿಸಿ ಒರೆಸಬಾರದು. ಮಾಹಿತಿಯ ಸಾಲುಗಳು ಸುರುಳಿಯಾಗಿ ಸುತ್ತಿರುತ್ತವೆ. ಅಡ್ಡಗೀರನ್ನು ಲೇಸರ್ ದಾಟಿಕೊಂಡು ಹೋಗಬಲ್ಲದು, ಸುರುಳಿಯ ಉದ್ದಕ್ಕೇ ಬಿದ್ದ ಗೀರನ್ನು ದಾಟಲಾರದು. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಸಾಮಾನ್ಯ, ಅಲ್ಲಿನವರು ಡಿಸ್ಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಒಳ್ಳೆಯದು. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಮದ್ದು ಊರೆಲ್ಲ ಹರಡಿದೆ, ಅದನ್ನು ಮಾಡಲೇಬೇಡಿ. ಇದ್ದ ಒಂದು ಗೀರಿನ ಜಾಗದಲ್ಲಿ ನೂರು ಸಣ್ಣ ಗೀರು ಬೀಳುತ್ತವೆ.

ಹಾಗೆಯೇ ಡಿಸ್ಕನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ. ಸೂಜಿ ಚುಚ್ಚಿದಂತೆ ಬೆಳಕು ತೂರಿ ಬಂದರೆ ಹೊಳೆಯುವ ಪದರವೇ ಕಿತ್ತಿದೆ ಎಂದರ್ಥ. ಸಿಡಿಯಲ್ಲಿ ಆ ಪದರ ಚಿತ್ರವಿರುವ ಮೇಲ್ಮೈಯ ಕೆಳಗೇ ಇರುವುದರಿಂದ ಮೇಲಿನ ಗೀರು ಕೆಳಗಿನ ಗೀರಿಗಿಂತ ಅಪಾಯಕಾರಿ. ಡಿವಿಡಿಯಲ್ಲಿ ಅದು 1.2 ಮಿಲಿಮೀಟರ್ ದಪ್ಪದ ನಟ್ಟನಡುವೆ ಅಡಗಿರುವುದರಿಂದ ಮೇಲಿನ ಗೀರು ಅಷ್ಟು ಬೇಗ ತಟ್ಟದು. ಪದರ ಹೋದ ಡಿಸ್ಕಿಗೆ ಪಾಲಿಶ್ ಮಾಡಿಸಿ ಫಲವಿಲ್ಲ. ತಳದ ಗೀರಿಗೆ ಮಾತ್ರ ಯಂತ್ರದ ಪಾಲಿಶ್ ಕೆಲಸ ಮಾಡುತ್ತದೆ.

ಇನ್ನೊಂದು ಡಿಸ್ಕೂ ಓಡಲಿಲ್ಲವೇ? ಈಗ ಕನ್ಸೋಲಿನ ಸರದಿ. ಇಲ್ಲಿ ಒಂದು ಸೊಗಸಾದ ಪರೀಕ್ಷೆ ಇದೆ. ಪಿಎಸ್2 ಆಟಗಳು ಎರಡು ಬಗೆಯ ಡಿಸ್ಕಿನಲ್ಲಿ ಬಂದವು, ತಳ ನೀಲಿಯಿದ್ದರೆ ಸಿಡಿ, ಬೆಳ್ಳಿ ಬಣ್ಣವಿದ್ದರೆ ಡಿವಿಡಿ. ಇವೆರಡನ್ನು ಓದಲು ಬಳಸುವ ಲೇಸರ್ ಬೆಳಕೂ ಬೇರೆ ಬೇರೆ. ಹಾಗಾಗಿ ನೀಲಿ ತಳದವು ಓಡಿ ಬೆಳ್ಳಿಯವು ಓಡದಿದ್ದರೆ, ಅಥವಾ ಇದರ ತಿರುವುಮುರುವಾದರೆ, ಲೇಸರ್ ಒಂದು ಬದಿಯಲ್ಲಿ ಸೋಲುತ್ತಿದೆ. ಯಾವುದೂ ಓಡದಿದ್ದರೆ ಲೆನ್ಸ್ ಮೇಲೆ ಧೂಳು ಕೂತಿರುವ ಸಾಧ್ಯತೆ ಹೆಚ್ಚು. ಡಿಸ್ಕ್ ತಿರುಗುವ ಸದ್ದೇ ಕೇಳದಿದ್ದರೆ ಮೋಟಾರಿನ ಕಡೆ ಅನುಮಾನ ಪಡಬೇಕು. ಮನೆಯಲ್ಲಿ ಬರ್ನ್ ಮಾಡಿಕೊಂಡ ನಕಲು ಡಿಸ್ಕುಗಳಿಂದ ಈ ಪರೀಕ್ಷೆ ಮಾಡಬೇಡಿ. ಅವುಗಳಿಂದ ಬೆಳಕು ಮರಳುವುದು ಕಡಿಮೆ, ದಣಿದ ಲೇಸರ್ ಅವನ್ನು ಎಲ್ಲಕ್ಕಿಂತ ಮೊದಲು ಕೈಬಿಡುತ್ತದೆ.

ತೆಳು ಮಾದರಿಯಲ್ಲಿ ಮುಚ್ಚಳ ತೆರೆದರೆ ಲೆನ್ಸ್ ಕಣ್ಣೆದುರೇ ಇರುತ್ತದೆ. ಪ್ಲಗ್ ಕಿತ್ತು, ಕಿವಿಗೆ ಬಳಸುವ ಹತ್ತಿಕಡ್ಡಿಯ ತುದಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಒತ್ತದೆ ಒಂದು ಸುತ್ತು ಸವರಿ. ಲೆನ್ಸ್ ಸಣ್ಣ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ವಾಲುತ್ತದೆ. ಪೂರ್ತಿ ಒಣಗಿದ ಮೇಲೆ ಡಿಸ್ಕ್ ಹಾಕಿ. ದಪ್ಪ ಮಾದರಿಯಲ್ಲಿ ಲೆನ್ಸಿಗೆ ಕೈ ಹಾಕಬೇಕಾದರೆ ಸ್ಕ್ರೂ ಬಿಚ್ಚಲೇಬೇಕು, ಒಳಗೆ ಪವರ್ ಸಪ್ಲೈ ಇರುವುದು ನೆನಪಿರಲಿ.

ತೆಳು ಮಾದರಿಯ ಮುಚ್ಚಳದ ಸೆನ್ಸರ್‌ಗೆ ಟೇಪ್ ಅಂಟಿಸಿ, ಮುಚ್ಚಳ ತೆರೆದಿಟ್ಟು ಡಿಸ್ಕ್ ತಿರುಗುವುದನ್ನು ನೋಡುವ ವಿಡಿಯೊಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಡಿ ಓದುವ ಲೇಸರ್ ಬೆಳಕು ನಮ್ಮ ಕಣ್ಣಿಗೆ ಕಾಣದಂಥದ್ದು. ಕಾಣದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ, ಅಕ್ಷಿಪಟಕ್ಕೆ ಏಟು ಬಿದ್ದದ್ದು ಆಗ ಗೊತ್ತೂ ಆಗುವುದಿಲ್ಲ.

ಆಡಿ ತೆಗೆದಾಗ ಡಿಸ್ಕಿನಲ್ಲಿ ಹೊಸ ವೃತ್ತಾಕಾರದ ಗೀರು

ತಕ್ಷಣ ನಿಲ್ಲಿಸಿ, ಇನ್ನೊಂದು ಡಿಸ್ಕ್ ಹಾಕಲೇಬೇಡಿ. ಡಿಸ್ಕ್ ತಿರುಗುವಾಗ ಕನ್ಸೋಲನ್ನು ಯಾರೂ ಅಲುಗಾಡಿಸಿಲ್ಲ ಎಂದಾದರೆ ಒಳಗಿನ ಯಾವುದೋ ಭಾಗ ಡಿಸ್ಕಿಗೆ ತಾಗುತ್ತಿದೆ. ತೆಳು ಮಾದರಿಯಲ್ಲಿ ಲೇಸರ್‌ಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್ ಮೇಲಕ್ಕೆ ಉಬ್ಬಿ ಹೀಗಾಗುವುದು ಹೆಸರುವಾಸಿ ತೊಂದರೆ. ಇದಕ್ಕೆ ಮೆಕ್ಯಾನಿಕ್ ಬೇಕು, ಕೆಲಸ ಮಾತ್ರ ಚಿಕ್ಕದು. ಆ ಚಿಕ್ಕ ಕೆಲಸ ಮಾಡಿಸದೆ ‘ಇನ್ನೊಂದು ಸಲ ನೋಡೋಣ’ ಎಂದು ಅಪರೂಪದ ಡಿಸ್ಕನ್ನು ಒಳಗೆ ಹಾಕಬೇಡಿ.

ನಕ್ಷೆ ಸರಿಯಿದೆ, ಕಾಳಗ ಶುರುವಾಗುವಾಗ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ

ನಕ್ಷೆಯಿಂದ ಕಾಳಗಕ್ಕೆ ಹೋಗುವಾಗಲೆಲ್ಲ ಕನ್ಸೋಲ್ ಡಿಸ್ಕಿನಿಂದ ಹೊಸದಾಗಿ ಮಾಹಿತಿ ತರಬೇಕು. ದುರ್ಬಲ ಲೆನ್ಸ್ ಇರಲಿ, ಗೀರು ಬಿದ್ದ ಡಿಸ್ಕ್ ಇರಲಿ, ಬಣ್ಣ ಬಯಲಾಗುವುದು ಇಲ್ಲೇ.

ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಕಾರ್ಯಾಚರಣೆಯಲ್ಲಿ ನಿಲ್ಲುತ್ತಿದ್ದರೆ ಡಿಸ್ಕಿನ ಆ ಭಾಗದಲ್ಲಿ ಗೀರಿದೆ. ಬೇರೆ ಬೇರೆ ಜಾಗದಲ್ಲಿ, ಅದೂ ಒಂದೆರಡು ಗಂಟೆ ಆಡಿದ ಮೇಲೆ ನಿಲ್ಲುತ್ತಿದ್ದರೆ ಬಿಸಿ ಅಥವಾ ಲೆನ್ಸ್ ಕಾರಣ. ಎಲ್ಲಿ, ಯಾವಾಗ ನಿಂತಿತೆಂದು ಒಂದು ಚೀಟಿಯಲ್ಲಿ ಬರೆದಿಡಿ. ನಾಲ್ಕೈದು ಸಾಲಾಗುವಷ್ಟರಲ್ಲಿ ಉತ್ತರ ತಾನಾಗಿ ಕಾಣುತ್ತದೆ.

ದಪ್ಪ ಮಾದರಿಯ ಹಿಂದೆ ಫ್ಯಾನ್ ಇದೆ. ಅದರ ಜಾಲರಿಯಲ್ಲಿ ಕಂಬಳಿಯಂತೆ ಧೂಳು ಕೂತಿದ್ದರೆ ಪ್ಲಗ್ ಕಿತ್ತು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತುರುಕಿದ್ದರೆ ಹೊರಗೆ ತನ್ನಿ. ಆಡುತ್ತಿರುವಾಗಲೇ ಕನ್ಸೋಲ್ ತಾನಾಗಿ ಆಫ್ ಆಗುತ್ತಿದ್ದರೂ ಇದನ್ನೇ ಮೊದಲು ಮಾಡಿ. ಫ್ಯಾನ್ ತಿರುಗುವುದೇ ಇಲ್ಲವೆಂದಾದರೆ ಮುಂದೆ ಆಡಬೇಡಿ, ಬಿಸಿಗೆ ಮದರ್‌ಬೋರ್ಡ್ ಹೋದರೆ ಅದು ರಿಪೇರಿಯಾಗುವುದು ಕಷ್ಟ.

ಟಿವಿಯಲ್ಲಿ ಚಿತ್ರ ಕಪ್ಪು-ಬಿಳುಪು, ಉರುಳುತ್ತದೆ, ಅಥವಾ ಬಣ್ಣ ಕೆಟ್ಟಿದೆ

ಅಮೆರಿಕ, ಜಪಾನಿನ ಆವೃತ್ತಿಗಳು ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯವು, ಅಂದರೆ ಚಿತ್ರ ಸೆಕೆಂಡಿಗೆ 60 ಸಲ ಮಿಡಿಯುವಂಥವು. ನಮ್ಮ ಹಳೆಯ ಟಿವಿಗಳು ಪಾಲ್, 50 ಸಲ. ಹೊಂದಾಣಿಕೆಯಿಲ್ಲದ ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರ ಕಪ್ಪು-ಬಿಳುಪಾಗುತ್ತದೆ ಅಥವಾ ಮೇಲಕ್ಕೆ ಉರುಳುತ್ತದೆ. ಕನ್ಸೋಲ್ ಕೆಟ್ಟಿಲ್ಲ. ಟಿವಿಯ ಮೆನುವಿನಲ್ಲಿ ಬಣ್ಣದ ಪದ್ಧತಿಯನ್ನು ‘ಆಟೊ’ ಮಾಡಿ ನೋಡಿ, ಆಗದಿದ್ದರೆ ಬೇರೆ ಟಿವಿಗೆ ಹಚ್ಚಿ.

ಐದು ಪಿನ್ನಿನ ಕಾಂಪೊನೆಂಟ್ ಕೇಬಲ್ ಬಳಸುವವರಿಗೆ ಬಣ್ಣ ವಿಚಿತ್ರವಾಗಿ ಕಂಡರೆ ಕನ್ಸೋಲಿನ ಸಿಸ್ಟಮ್ ಕಾನ್ಫಿಗರೇಷನ್‌ಗೆ ಹೋಗಿ ಕಾಂಪೊನೆಂಟ್ ವಿಡಿಯೊ ಔಟ್ ಎಂಬಲ್ಲಿ ಆರ್‌ಜಿಬಿ ಇದೆಯೇ ನೋಡಿ, ಇದ್ದರೆ ಅದರ ಪಕ್ಕದ ಆಯ್ಕೆಗೆ ಬದಲಿಸಿ.

ಸೇವ್ ಕಾಣೆಯಾಗಿದೆ, ಅಥವಾ ಸೇವ್ ಆಗುತ್ತಲೇ ಇಲ್ಲ

ಈ ಆಟದ ಒಂದು ಕಾರ್ಯಾಚರಣೆಗೆ ಸಂಜೆಯೆಲ್ಲ ಹೋಗುವುದುಂಟು. ಸೇವ್ ಹೋದರೆ ಆಗುವ ಸಂಕಟ ಆಡಿದವರಿಗೇ ಗೊತ್ತು. ಗಾಬರಿಯಲ್ಲಿ ಮಾತ್ರ ‘ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆಗೆ ಹೌದು ಅನ್ನಬೇಡಿ.

ಮೊದಲು ಕಾರ್ಡ್ ಯಾವ ಸ್ಲಾಟಿನಲ್ಲಿದೆ ನೋಡಿ, ಒಂದರಲ್ಲಿದ್ದದ್ದು ಎರಡಕ್ಕೆ ಹೋಗಿರಬಹುದು. ಆಮೇಲೆ ಡಿಸ್ಕ್ ಹಾಕದೆ ಆನ್ ಮಾಡಿ ಕನ್ಸೋಲಿನ ಮೆನುವಿನಲ್ಲಿರುವ ಬ್ರೌಸರ್ ತೆರೆಯಿರಿ. ಕಾರ್ಡ್ ಅಲ್ಲಿ ಕಾಣಿಸಿ, ಆಟದ ಚಿಹ್ನೆಯೂ ಕಂಡರೆ ಸೇವ್ ಜೀವಂತವಾಗಿದೆ. ಕಾರ್ಡೇ ಕಾಣದಿದ್ದರೆ ತೆಗೆದು ಅದರ ಲೋಹದ ಕಾಲುಗಳನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ‘ಕೆಟ್ಟ ದತ್ತಾಂಶ’ ಎಂಬ ಗುರುತು ಬಂದಿದ್ದರೆ ಆ ಸೇವ್ ಮರಳುವ ಆಸೆ ಕಡಿಮೆ.

ಹಳೆಯ ಪಿಎಸ್1ರ ಕಾರ್ಡ್ ಅದೇ ಸ್ಲಾಟಿನಲ್ಲಿ ಕೂರುತ್ತದೆ, ಆದರೆ ಅದರಲ್ಲಿ ಪಿಎಸ್2 ಆಟ ಸೇವ್ ಆಗುವುದಿಲ್ಲ. ಮೂಲ ಪಿಎಸ್2 ಕಾರ್ಡ್ 8 ಎಂಬಿಯದು. ಅಗ್ಗಕ್ಕೆ ಸಿಗುವ 64, 128 ಎಂಬಿಯ ಬೇರೆ ಕಂಪನಿಯ ಕಾರ್ಡುಗಳನ್ನು ನಾನು ನಂಬುವುದಿಲ್ಲ. ಅವುಗಳಲ್ಲಿ ಸೇವ್ ಕೆಡುವುದು ಹೆಚ್ಚು. ಯಾವ ಕಾರ್ಡೇ ಇರಲಿ, ಮುಖ್ಯ ಸೇವನ್ನು ಇನ್ನೊಂದು ಕಾರ್ಡಿಗೂ ನಕಲು ಮಾಡಿಡಿ.

ಆನ್ ಮಾಡಿದಾಗಲೆಲ್ಲ ದಿನಾಂಕ, ಸಮಯ ಕೇಳುತ್ತದೆ

ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಸೇವ್‌ಗಳು ಕಾರ್ಡಿನಲ್ಲಿರುವುದರಿಂದ ಅವಕ್ಕೆ ಏನೂ ಆಗುವುದಿಲ್ಲ, ಆಟವೂ ಓಡುತ್ತದೆ. ತೊಂದರೆ ಅನ್ನಿಸದಿದ್ದರೆ ಹಾಗೇ ಬಿಡಿ. ಬದಲಿಸಿದರೆ ಹಳೆಯ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದಂತೆ ಆಗಲೇ ಎತ್ತಿಡಿ. ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಕಂಪ್ಯೂಟರಿನಲ್ಲಿ ಆಡುವಾಗ ಧ್ವನಿ ಒಡೆಯುತ್ತದೆ, ಚಿತ್ರ ಕುಂಟುತ್ತದೆ

ಪಿಸಿಎಸ್‌ಎಕ್ಸ್2 ಎಂಬ, ಕಂಪ್ಯೂಟರಿನಲ್ಲಿ ಪಿಎಸ್2 ಆಟ ಓಡಿಸುವ ಉಚಿತ ತಂತ್ರಾಂಶದಲ್ಲಿ ನಿಮ್ಮ ಸ್ವಂತ ಡಿಸ್ಕಿನಿಂದ, ಸ್ವಂತ ಕನ್ಸೋಲಿನಿಂದ ತೆಗೆದ ಬಯೋಸ್ (ಕನ್ಸೋಲನ್ನು ಶುರುಮಾಡುವ ಮೂಲ ತಂತ್ರಾಂಶ) ಬಳಸಿ ಆಡಬಹುದು. ಬಯೋಸ್ ಕೊಡುತ್ತೇವೆಂದು ಹೇಳುವ ಅನಾಮಧೇಯ ತಾಣಗಳಿಂದ ಏನನ್ನೂ ಇಳಿಸಿಕೊಳ್ಳಬೇಡಿ, ಜೊತೆಗೆ ವೈರಸ್ ಬರುವುದು ಸಾಮಾನ್ಯ.

ಕುಂಟುತ್ತಿದ್ದರೆ ಮೊದಲು ಒಳಗಿನ ರೆಸಲ್ಯೂಷನ್ ಅನ್ನು ಮೂಲದ ಮಟ್ಟಕ್ಕೆ ಇಳಿಸಿ. ಸರಿಹೋದರೆ ಗ್ರಾಫಿಕ್ಸ್ ಕಾರ್ಡ್ ಸಾಲುತ್ತಿಲ್ಲ ಎಂದರ್ಥ. ಸರಿಹೋಗದಿದ್ದರೆ ಪ್ರೊಸೆಸರ್ ಸಾಲುತ್ತಿಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಪವರ್ ಸೇವಿಂಗ್ ತೆಗೆದು ಇನ್ನೊಮ್ಮೆ ನೋಡಿ. ಚಿತ್ರದಲ್ಲಿ ಉದ್ದುದ್ದ ಗೆರೆಗಳು ಮಾತ್ರ ಬರುತ್ತಿದ್ದರೆ ರೆಸಲ್ಯೂಷನ್ ಹಿಗ್ಗಿಸಿದ್ದೇ ಕಾರಣ. ಚಿತ್ರವನ್ನು ಪ್ರೊಸೆಸರಿನಿಂದಲೇ ಬರೆಸುವ ಸಾಫ್ಟ್‌ವೇರ್ ರೆಂಡರರ್‌ಗೆ ಬದಲಿಸಿ ನೋಡಿದರೆ ಖಚಿತವಾಗುತ್ತದೆ.

ತಂತ್ರಾಂಶವನ್ನು ಅಪ್‌ಡೇಟ್ ಮಾಡಿದ ಮೇಲೆ ಹಳೆಯ ಸೇವ್ ಸ್ಟೇಟ್ (ತಂತ್ರಾಂಶವೇ ಹಿಡಿದಿಟ್ಟ ಆ ಕ್ಷಣದ ಆಟದ ಸ್ಥಿತಿ) ತೆರೆಯದಿರಬಹುದು. ಆದ್ದರಿಂದ ಅಪ್‌ಡೇಟ್‌ಗೆ ಮುನ್ನ ಆಟದೊಳಗಿನ ಮೆನುವಿನಿಂದಲೇ ಒಮ್ಮೆ ಸೇವ್ ಮಾಡಿ, ಮೆಮೊರಿ ಕಾರ್ಡಿನ ಫೈಲನ್ನು ಬೇರೆಡೆ ನಕಲಿಸಿಡಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ

ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯ ಸುತ್ತಮುತ್ತ ಹಳೆಯ ಎಲೆಕ್ಟ್ರಾನಿಕ್ಸ್ ಬಲ್ಲವರು ಇನ್ನೂ ಸಿಗುತ್ತಾರೆ. ‘ಓಡ್ತಿಲ್ಲ’ ಎಂದಷ್ಟೇ ಹೇಳಿ ಕನ್ಸೋಲ್ ಬಿಟ್ಟುಬರಬೇಡಿ. ಬರೆದಿಟ್ಟ ಚೀಟಿ ತೋರಿಸಿ: ಯಾವ ತಳದ ಡಿಸ್ಕ್ ಓಡಿತು, ಯಾವುದು ಓಡಲಿಲ್ಲ, ಎಷ್ಟು ಹೊತ್ತಿಗೆ ನಿಂತಿತು, ಏನೇನು ಬದಲಿಸಿ ನೋಡಿದಿರಿ. ಲೆನ್ಸ್ ಬದಲಿಸಲೇಬೇಕು ಎಂದರೆ ನಿಮ್ಮ ಮಾದರಿ ಸಂಖ್ಯೆಗೆ ಹೊಂದುವುದನ್ನೇ ಹಾಕುತ್ತಾರಾ ಎಂದು ಕೇಳಿ, ಹಳೆಯದನ್ನು ವಾಪಸ್ ಪಡೆಯಿರಿ. ಮೆಮೊರಿ ಕಾರ್ಡನ್ನೂ ‘ರಿಂಗ್ ಆಫ್ ರೆಡ್’ ಡಿಸ್ಕನ್ನೂ ಅಂಗಡಿಯಲ್ಲಿ ಬಿಡಬೇಡಿ. ರಿಪೇರಿಯಾದ ದಿನ ಜೊತೆಗೆ ಒಯ್ದು, ಮೊದಲು ಬೇರೊಂದು ಡಿಸ್ಕ್ ಹಾಕಿ ಹತ್ತು ನಿಮಿಷ ಓಡಿಸಿ, ಹೊರತೆಗೆದು ತಳದಲ್ಲಿ ಹೊಸ ಗೀರಿಲ್ಲವೆಂದು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಆಮೇಲೆ ನಿಮ್ಮ ಡಿಸ್ಕ್ ಹಾಕಿ, ಕನಿಷ್ಠ ಒಂದು ಕಾಳಗ ಲೋಡ್ ಆಗುವವರೆಗೆ ಕಾದು, ನಂತರವೇ ದುಡ್ಡು ಕೊಡಿ.